ಇಲ್ಲದ ಗಾಳಿಯನ್ನು ಎರಡು ಭಾನುವಾರ ತೆಗೆದಿದ್ದು

ಹುಬ್ಬಳ್ಳಿಯ ಉಣಕಲ್ ಹತ್ತಿರ ಸಿಗ್ನಲ್‌ನಲ್ಲಿ ನಿಂತಿದ್ದೆ. ಹಸಿರು ಬಿತ್ತು, ಫಸ್ಟ್ ಗೇರ್ ಹಾಕಿದೆ, ಕರ್ರ್ ಅಂತ ಎಂಥ ಶಬ್ದ ಬಂತು ಅಂದರೆ ಪಕ್ಕದ ಆಟೋದವನು ತನ್ನ ಗಾಡಿಗೇ ಏನೋ ಆಯ್ತು ಅಂತ ಬಗ್ಗಿ ನೋಡಿಕೊಂಡ. ನಮ್ಮದು 1965ರ ಎಂಜಿಬಿ, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ಆ ವರ್ಷಗಳ ಗೇರ್‌ಬಾಕ್ಸಿನಲ್ಲಿ ಫಸ್ಟ್‌ಗೆ ಸಿಂಕ್ರೋ ಇಲ್ಲ, ಅಂದರೆ ಹಲ್ಲುಗಳ ವೇಗ ಹೊಂದಿಸಿ ಸದ್ದಿಲ್ಲದೆ ಕೂರಿಸೋ ಭಾಗ. ಪೆಡಲ್ ಒತ್ತಿದಾಗ ಕ್ಲಚ್ ಎಂಜಿನ್ನನ್ನು ಪೂರ್ತಿ ಬಿಡದೆ ಸ್ವಲ್ಪ ಹಿಡಿದುಕೊಂಡರೂ ಸಾಕು, ಮೊದಲು ಕಿರುಚೋದು ಫಸ್ಟ್ ಮತ್ತು ರಿವರ್ಸ್.

ನನಗೆ ಅನುಮಾನವೇ ಬರಲಿಲ್ಲ. ಕ್ಲಚ್ ಪೈಪಿನಲ್ಲಿ ಏರ್ ಹಿಡಿದಿದೆ, ಬ್ಲೀಡ್ ಮಾಡಿ ಆ ಗಾಳಿ ಹೊರಗೆ ತೆಗೆಯಬೇಕು ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಈ ಕಾರಿನ ಕ್ಲಚ್‌ಗೆ ಕೇಬಲ್ ಇಲ್ಲ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನಲ್ಲಿ ತಳ್ಳುತ್ತದೆ, ಕೆಳಗೆ ಗೇರ್‌ಬಾಕ್ಸ್ ಮಗ್ಗುಲಿನ ಸ್ಲೇವ್ ಸಿಲಿಂಡರ್ ಕ್ಲಚ್ ಬಿಡಿಸೋ ಫೋರ್ಕನ್ನು ದೂಡುತ್ತದೆ. ಬ್ರೇಕ್ ಕೂಡ ಇದೇ ತರಹ. ಆಯಿಲ್ ಒತ್ತಿದರೆ ಕುಗ್ಗೋದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿದರೆ ನಿಮ್ಮ ಕಾಲಿನ ಬಲವೆಲ್ಲ ಆ ಗಾಳಿಯನ್ನು ಕುಗ್ಗಿಸೋದಕ್ಕೇ ಹೋಗುತ್ತದೆ, ಅಷ್ಟೇ ವಿಷಯ.

ಹೇಗೂ ಕೈ ಹಾಕಿದ್ದೇನೆ, ಬ್ರೇಕ್ ಆಯಿಲನ್ನೂ ಬದಲಾಯಿಸಿಬಿಡೋಣ ಅಂದುಕೊಂಡೆ. ಕಾರು ಎರಡು ಮಳೆಗಾಲ ಧಾರವಾಡದಲ್ಲಿ ಅಕ್ಕನ ಮನೆಯ ಶೆಡ್ಡಿನಲ್ಲಿ ನಿಂತಿತ್ತು, ಧಾರವಾಡದ ಮಳೆ ಗೊತ್ತಲ್ಲ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟ್‌ಗೂ ಬೂಷ್ಟು ಹಿಡಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನೋ ದರ್ಜೆಯ ಹೊಸ ಆಯಿಲ್ ಕುದಿಯಬೇಕಾದರೆ ಕಡಿಮೆ ಅಂದರೂ 230 ಡಿಗ್ರಿ ಬೇಕು, ತೇವ ಕುಡಿದ ಮೇಲೆ ಅದು 155ರವರೆಗೂ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಬಿಸಿಯಾದಾಗ ಅದು ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ಸೀದಾ ನೆಲಕ್ಕೆ. ಅದೂ ಅಲ್ಲದೆ ನಮ್ಮ ಗಾಡಿಗೆ ಬ್ರೇಕ್ ಸರ್ಕ್ಯೂಟ್ ಒಂದೇ. ಕೈಕೊಟ್ಟರೆ ನಾಲ್ಕೂ ಗಾಲಿ ಒಟ್ಟಿಗೆ ಕೈಕೊಡುತ್ತವೆ. ಒಂದು ಮಾತು, ಡಾಟ್ 5 ಅಂತ ಬರೆದ ಡಬ್ಬಿ ಸಿಲಿಕೋನ್‌ದು, ಇದರ ಜೊತೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ. ಹೆಸರಿಟ್ಟವರಿಗೆ ಏನನ್ನಬೇಕೋ!

ಗೋಕುಲ ರೋಡಿನಲ್ಲಿ ಆಯಿಲ್ ತಂದೆ, ಮೆಡಿಕಲ್ ಶಾಪಿನಲ್ಲಿ ಸಲೈನ್ ಪೈಪ್ ತಂದೆ. ಆಯಿಲ್ ಹೊರಗೆ ಬಿಡೋ ತೂತಿನ ಚಿಕ್ಕ ತಿರುಪಿಗೆ ನಿಪ್ಪಲ್ ಅಂತಾರೆ, ಅದಕ್ಕೆ ಈ ಪೈಪ್ ಗಟ್ಟಿಯಾಗಿ ಕೂರುತ್ತದೆ, ಒಳಗೆ ಗುಳ್ಳೆ ಹೋಗೋದು ಕಾಣುತ್ತದೆ. ಪಾನಾ ಮಾತ್ರ ಇಂಚಿನ ಅಳತೆಯದೇ ಬೇಕು, ಮಿಲಿಮೀಟರ್ ಪಾನಾದಿಂದ ಅಡ್ಜಸ್ಟ್ ಮಾಡೋಕೆ ಹೋದರೆ ನಿಪ್ಪಲ್ ಮೂಲೆಗಳು ಸವೆದು ಆಮೇಲೆ ಅಳಬೇಕಾಗುತ್ತದೆ. ಪೆಡಲ್ ಒತ್ತೋದಕ್ಕೆ ಅಕ್ಕನ ಮಗನನ್ನು ಕೂರಿಸಿದೆ. ಕೂಲಿ, ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ.

ಮಾಸ್ಟರ್‌ನಿಂದ ದೂರದ ಗಾಲಿ ಮೊದಲು. ನಮ್ಮದು ರೈಟ್ ಹ್ಯಾಂಡ್ ಗಾಡಿ, ಹಾಗಾಗಿ ಹಿಂದಿನ ಎಡಗಾಲಿ. ನಾನು "ಒತ್ತು" ಅಂದಾಗ ಅವನು ಒತ್ತಿ ಹಿಡಿಯಬೇಕು, ನಾನು ನಿಪ್ಪಲ್ ಬಿಚ್ಚಿ ಆಯಿಲ್ ಬಿಟ್ಟು ಮತ್ತೆ ಮುಚ್ಚಬೇಕು, ಆಮೇಲೆಯೇ ಅವನು ಕಾಲು ಎತ್ತಬೇಕು. ಮೊದಲು ಬಂದದ್ದು ಕಪ್ಪು ಚಹಾದಂಥ ಆಯಿಲ್. ಹತ್ತು ಸಲ ಆದ ಮೇಲೆ ಹುಡುಗ "ಮಾಮಾ, ಕಾಲು ಜೋಮು ಹಿಡದೈತಿ" ಅಂತ ನಾನು ಮುಚ್ಚೋ ಮೊದಲೇ ಕಾಲು ಎತ್ತಿದ. ಸರ್ ಅಂತ ಗಾಳಿ ಒಳಗೆ! ಮತ್ತೆ ಮೊದಲಿನಿಂದ. ಅವನಿಗೆ ಬೈದು ಐದು ನಿಮಿಷ ಆಗಿರಲಿಲ್ಲ, ಮಾಸ್ಟರ್ ಡಬ್ಬಿಯಲ್ಲಿ ಆಯಿಲ್ ಖಾಲಿಯಾದದ್ದನ್ನು ನಾನೇ ನೋಡಲಿಲ್ಲ. ಈ ಕಾರಿನ ಡಬ್ಬಿ ಚಿಕ್ಕದು, ನಾಲ್ಕೈದು ಒತ್ತಿಗೊಮ್ಮೆ ನೋಡಲೇಬೇಕು. ಹುಡುಗ ಏನೂ ಅನ್ನಲಿಲ್ಲ, ಸುಮ್ನೆ ನಕ್ಕ.

ಎಲ್ಲ ಮುಗಿದರೂ ಬ್ರೇಕ್ ಪೆಡಲ್ ಆಳಕ್ಕೆ ಹೋಗುತ್ತಿತ್ತು. ಹಿಂದೆ ಡ್ರಮ್ ಬ್ರೇಕ್ ಅಲ್ವಾ, ಡ್ರಮ್ಮನ್ನು ಒಳಗಿನಿಂದ ಒತ್ತೋ ಶೂ ಸವೆದು ದೂರ ಸರಿದಿದ್ದವು. ಚೌಕ ತಲೆಯ ಅಡ್ಜಸ್ಟರನ್ನು ಗಾಲಿ ಹಿಡಿಯೋವರೆಗೆ ತಿರುಗಿಸಿ, ಮತ್ತೆ ಸಲೀಸಾಗಿ ತಿರುಗೋವಷ್ಟು ಹಿಂದೆ ಬಿಟ್ಟೆ. ಪೆಡಲ್ ಕಲ್ಲಿನ ಹಾಗಾಯಿತು. ಬ್ಲೀಡ್ ಮಾಡೋ ಮೊದಲೇ ಇದನ್ನು ಮಾಡಬೇಕಿತ್ತು.

ಕ್ಲಚ್ ಮಾತ್ರ ಬ್ಲೀಡ್ ಮಾಡಿದರೂ ಜಗ್ಗಲಿಲ್ಲ. ಮುಂದಿನ ಭಾನುವಾರ ಮತ್ತೆ ಕೂತೆ. ಎಂಜಿಬಿಯಲ್ಲಿ ಸ್ಲೇವ್ ತಳದಲ್ಲಿದೆ, ಪೈಪು ಮೇಲಕ್ಕೆ ಹೋಗುತ್ತದೆ, ಗುಳ್ಳೆ ಮೇಲೇರೋ ಜಾತಿಯದು, ನಾವೋ ಅದನ್ನು ಕೆಳಕ್ಕೆ ತಳ್ಳುತ್ತೇವೆ. ಅದಕ್ಕೇ ಒಂದು ಹಳೆಯ ಉಪಾಯ ಇದೆ. ಮುಂದಿನ ಬಲಗಾಲಿಯ ಬ್ರೇಕ್ ನಿಪ್ಪಲ್‌ನಿಂದ ಸ್ಲೇವ್ ನಿಪ್ಪಲ್‌ಗೆ ಆಯಿಲ್ ತುಂಬಿದ ಪೈಪ್ ಜೋಡಿಸಿ, ಬ್ರೇಕ್ ಪೆಡಲ್ ಒತ್ತಿ ಕ್ಲಚ್ ಪೈಪನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸೋದು. ಇಲ್ಲೂ ಪ್ರತಿ ಒತ್ತಿಗೆ ಬಿಚ್ಚಬೇಕು, ಮುಚ್ಚಬೇಕು. ಬ್ರೇಕ್ ಡಬ್ಬಿ ಇಳಿಯುತ್ತಾ ಕ್ಲಚ್ ಡಬ್ಬಿ ಏರುತ್ತದೆ. ನಾನು ಕೆಳಗೆ ಮಲಗಿದ್ದೆ, ಮೇಲೆ ಅದು ತುಂಬಿ ಉಕ್ಕಿ ಫೆಂಡರ್ ಮೇಲೆ ಹರಿದಿತ್ತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ತಕ್ಷಣ ನೀರು ಸುರಿಯಬೇಕು, ನಾನು ನೋಡಿದ್ದೇ ಅರ್ಧ ಗಂಟೆ ಬಿಟ್ಟು.

ಗುಳ್ಳೆ ಒಂದೂ ಬರಲಿಲ್ಲ. ಗೇರ್ ಮತ್ತೆ ಕರ್ರ್.

ಸೋತು ನಮ್ಮ ಚಾಚಾನ ಹತ್ತಿರ ಹೋದೆ. ಅಂಬಾಸಿಡರ್ ಕಾಲದಿಂದ ಪಾನಾ ಹಿಡಿದವರು. ಕಾರಿನ ಕೆಳಗೆ ಬಗ್ಗಲೂ ಇಲ್ಲ. "ಎರಡ ಸಲ ಪಂಪ್ ಮಾಡಿ ಗೇರ್ ಹಾಕ್ರಿ ಸಾಹೇಬ್ರ" ಅಂದರು. ಹಾಕಿದೆ, ಅದೇ ಶಬ್ದ. "ಏರ್ ಇದ್ರ ಪಂಪ್ ಮಾಡಿದ್ರ ಸ್ವಲ್ಪರೆ ಸುಧಾರಸ್ತಿತ್ತು. ಇದರಾಗ ಏರ್ ಎಲ್ಲೈತ್ರಿ?" ಅಂತ ಬಾನೆಟ್ ಎತ್ತಿ, ಪೆಡಲ್ ಮೇಲ್ಭಾಗಕ್ಕೆ ಬ್ಯಾಟರಿ ಬಿಟ್ಟರು. "ಈಗ ಸಾವಕಾಶ ಒತ್ರಿ. ನೋಡ್ರಿ, ಪೆಡಲ್ ಇಳದ್ರೂ ರಾಡ್ ಹಂದಾಡವಲ್ದು."

ಪೆಡಲನ್ನೂ ಮಾಸ್ಟರ್ ಸಿಲಿಂಡರಿನ ರಾಡನ್ನೂ ಸೇರಿಸೋ ಒಂದು ಕಿರುಬೆರಳಿನಷ್ಟೂ ಉದ್ದವಿಲ್ಲದ ಪಿನ್ನು. ಅದು ಅರ್ಧದಷ್ಟು ಸವೆದು ಮೆಟ್ಟಿಲಿನ ಹಾಗಾಗಿತ್ತು, ಪೆಡಲಿನ ತೂತು ಮೊಟ್ಟೆಯಾಕಾರಕ್ಕೆ ಬಂದಿತ್ತು. ಅಲ್ಲಿ ಹೋದ ಎರಡು ಮೂರು ಮಿಲಿಮೀಟರ್, ಪೆಡಲಿನ ತುದಿಗೆ ಬರೋ ಹೊತ್ತಿಗೆ ದೊಡ್ಡದಾಗುತ್ತದೆ. ಸ್ಲೇವ್‌ಗೆ ಹೋಗಬೇಕಾದ ಒತ್ತು ಅಲ್ಲೇ ಕಳೆದುಹೋಗುತ್ತಿತ್ತು. ನಾನು ಎರಡು ಭಾನುವಾರ, ಒಂದೂವರೆ ಲೀಟರ್ ಆಯಿಲ್, ಒಂದು ಫೆಂಡರ್ ಕಳೆದಿದ್ದೆ.

ಲೇತ್ ಅಂಗಡಿಯಲ್ಲಿ ಹೊಸ ಪಿನ್ ಮಾಡಿಸಿ, ತೂತಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಸಿದೆವು. ಮರುದಿನ ಧಾರವಾಡಕ್ಕೆ ಹೋಗಿ ಬಂದೆ. ಉಣಕಲ್ ಸಿಗ್ನಲ್‌ನಲ್ಲಿ ಫಸ್ಟ್ ಸದ್ದಿಲ್ಲದೆ ಬಿತ್ತು, ಈ ಸಲ ಯಾರೂ ನೋಡಲಿಲ್ಲ, ಸ್ವಲ್ಪ ಬೇಜಾರೇ ಆಯ್ತು. ಫೆಂಡರ್ ಮೇಲಿನ ಕಲೆ ಹಾಗೇ ಇದೆ. ಹಳೆಯ ಕಡು ಹಸಿರು ಬಣ್ಣ ಹೊಂದಿಸೋರು ಹುಬ್ಬಳ್ಳಿಯಲ್ಲಿ ಯಾರಾದರೂ ಗೊತ್ತಿದ್ದರೆ ಹೇಳಿ.