ಮೂರು ಸ್ಪ್ರಿಂಗಿನ ದೀಪ: ನಾಲ್ಕನೆಯ ಭಾನುವಾರ

ಗುಜರಿ ಅಂಗಡಿಯಿಂದ ತಂದ ಮೇಜುದೀಪದ ತೋಳು ಇಂದು ಕೊನೆಗೂ ನಿಂತಿತು, ಆದರೆ ಒಂದೇ ಜಾಗದಲ್ಲಿ. ಪುಸ್ತಕದತ್ತ ಬಗ್ಗಿಸಿದರೆ ತಾನಾಗಿ ಮೇಲೇಳುತ್ತದೆ. ನೆಟ್ಟಗೆ ನಿಲ್ಲಿಸಿದರೆ ಮೆಲ್ಲನೆ ತಲೆಬಾಗುತ್ತದೆ. ಎಲ್ಲಿಗೆ ಒಯ್ದರೂ ಅರ್ಧ ಎತ್ತರಕ್ಕೇ ವಾಪಸು.

ತಪ್ಪು ನನ್ನದೇ. ಇದು 1935ರ ಆಂಗಲ್‌ಪಾಯ್ಸ್ 1227 ಎಂಬ ಸ್ಪ್ರಿಂಗ್ ತೋಳಿನ ಮೇಜುದೀಪದ ನಕಲು. ಬುಡದ ಮೂರೂ ಸ್ಪ್ರಿಂಗ್ ತುಕ್ಕು ಹಿಡಿದಿದ್ದವು. ಅದೇ ಉದ್ದ, ಅದೇ ದಪ್ಪದ ತಂತಿ ನೋಡಿ ಹೊಸವನ್ನು ತಂದು ಸಿಕ್ಕಿಸಿದ್ದೆ. ಹಳೆಯದನ್ನು ಪಕ್ಕದಲ್ಲಿಟ್ಟಾಗಲೇ ವ್ಯತ್ಯಾಸ ಕಂಡಿದ್ದು: ಅದರ ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡಿವೆ, ಸಾಕಷ್ಟು ಜಗ್ಗಿದ ಮೇಲೆಯೇ ಬಿಚ್ಚಿಕೊಳ್ಳಲು ಶುರು. ನನ್ನದು ಬೆರಳು ಸೋಕಿದರೆ ಸಾಕು, ಹಿಗ್ಗುತ್ತದೆ. ತೋಳು ಬಾಗಿದಷ್ಟೂ ಭಾರದ ಎಳೆತ ಹೆಚ್ಚುತ್ತದೆ. ಸ್ಪ್ರಿಂಗಿನ ಎಳೆತವೂ ಅದೇ ಲೆಕ್ಕದಲ್ಲಿ ಹೆಚ್ಚಬೇಕು. ಸುತ್ತುವಾಗಲೇ ಬಿಗಿ ತುಂಬಿದ್ದರೆ ಮಾತ್ರ ಆ ಲೆಕ್ಕ ಎಲ್ಲ ಕೋನದಲ್ಲೂ ಸರಿಹೋಗುತ್ತದೆ. ಇಲ್ಲದಿದ್ದರೆ ಒಂದೇ ಕೋನದಲ್ಲಿ.

ಮೂಲ ದೀಪವನ್ನು ರೂಪಿಸಿದ ಜಾರ್ಜ್ ಕಾರ್ವರ್ಡೈನ್ ಇಂಗ್ಲೆಂಡಿನ ಬಾತ್ ನಗರದವರು, ಕಾರುಗಳ ಸಸ್ಪೆನ್ಷನ್ ಎಂಜಿನಿಯರ್. ತಯಾರಿಸಿದ್ದು ರೆಡಿಚ್‌ನ ಹರ್ಬರ್ಟ್ ಟೆರ‍್ರಿ ಕಂಪನಿ. ಅವರ ಕಸುಬೇ ಸ್ಪ್ರಿಂಗ್. ಮೊದಲ ಮಾದರಿಗೆ ನಾಲ್ಕಿದ್ದವು, ಮನೆಬಳಕೆಯ 1227ಕ್ಕೆ ಮೂರಾದವು. ಜರ್ಮನಿಯ ವಿನ್ಯಾಸ ಶಾಲೆ ಬೌಹೌಸ್‌ನ ಪ್ರಸಿದ್ಧ ಗಾಜಿನ ಗುಮ್ಮಟದ ದೀಪ ಯಂತ್ರದಲ್ಲಿ ಹುಟ್ಟಿದಂತೆ ಕಾಣುತ್ತದೆ, ಶುರುವಿನಲ್ಲಿ ಮಾಡಿದ್ದು ಮಾತ್ರ ಕೈಯಲ್ಲಿ. ನನಗೆ ಈ ಸ್ಪ್ರಿಂಗಿನವರ ದೀಪವೇ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಜಗಳಕ್ಕೆ ಬರುವವರು ಬರಲಿ.

ಕೀಲಿನ ನಟ್ ಬಿಗಿಮಾಡಿದರೆ ತೋಳು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಒಂದು ಗಂಟೆ ಹಾಗೆಯೇ ಮೋಸಮಾಡಿಕೊಂಡು, ನಾಚಿಕೆಯಾಗಿ ಸಡಿಲಿಸಿದೆ.

ಬಲ್ಬಿನದು ಇನ್ನೊಂದು ತಕರಾರು. ಅಡುಗೆಮನೆಯ ತಕ್ಕಡಿಯಲ್ಲಿ ಹಳೆಯ ತಂತಿಯ ಬಲ್ಬು 31 ಗ್ರಾಂ, ಎಲ್‌ಇಡಿ 68 ಗ್ರಾಂ. ತೋಳಿನ ತುದಿಯಲ್ಲಿ ಈ 37 ಗ್ರಾಂ ಸಣ್ಣದಲ್ಲ. ಗಾಜಿನೊಳಗೆ ಎಳೆಗಳಿರುವ ಎಲ್‌ಇಡಿ 34 ಗ್ರಾಂ ಬಂತು, ಅದನ್ನೇ ಹಾಕಿದೆ. ಹೋಲ್ಡರ್ ನಮ್ಮ ಮಾಮೂಲಿ ಎರಡು ಪಿನ್ನಿನದೇ, ಬದಲಿಸುವ ಕೆಲಸ ತಪ್ಪಿತು.

ವೈರ್ ಮಾತ್ರ ಎರಡೆಳೆಯದು. ಮೈಯೆಲ್ಲ ಲೋಹವಿರುವ ದೀಪಕ್ಕೆ ಅರ್ತ್ ಇಲ್ಲ! ಮೂರೆಳೆಯ ವೈರ್ ಎಳೆಯುವವರೆಗೆ ಪ್ಲಗ್ಗಿಗೆ ಹಾಕುವುದಿಲ್ಲ. ಹಳೆಯ ಸ್ಪ್ರಿಂಗನ್ನು ಮಾದರಿಗೆಂದು ಸ್ಪ್ರಿಂಗ್ ಸುತ್ತುವವರಿಗೆ ಕೊಟ್ಟು ಬಂದಿದ್ದೇನೆ. ಮೂರೇ ಮೂರು ಬೇಕು ಎಂದಾಗ ಅವರು ನಕ್ಕರು, ಗುರುವಾರ ಬನ್ನಿ ಎಂದರು.