ಇಲಿ ಹೊಕ್ಕಿರ್ಬೇಕು ಮಾಸ್ತರ್ರೆ

"ಇಲಿ ಗಿಲಿ ಹೊಕ್ಕಿರ್ಬೇಕು ಮಾಸ್ತರ್ರೆ. ಮಳೆಗಾಲ ಅಲ್ವಾ."

ಶಿರಸಿಯ ಎಲೆಕ್ಟ್ರಿಶಿಯನ್ ಒಬ್ಬ ಮೊನ್ನೆ ಹೇಳಿದ ಈ ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಬಸ್ಸಿನಲ್ಲಿ ಕೂತರೂ ಅದೇ, ಊಟಕ್ಕೆ ಕೂತರೂ ಅದೇ.

ಮಾಸ್ತರ್ರು ಅಂದರೆ ನನ್ನ ಭಾವ. ರಿಟೈರ್ ಆದ ಗಣಿತದ ಮಾಸ್ತರ್ರು. ಮಳೆ ಹಿಡಿದ ಮೇಲೆ ಅವರ ಕಾರು ಶೆಡ್ ಬಿಟ್ಟಿರಲಿಲ್ಲ. ಬ್ಯಾಟರಿ ಡೌನ್ ಆಗಿತ್ತು. ಬಿಚ್ಚಿ ಪೇಟೆಗೆ ಒಯ್ದು ಚಾರ್ಜ್ ಮಾಡಿಸಿ ತಂದು, ತಾವೇ ಕೂರಿಸಿದರು. ನಾನು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಅವರ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾನೆಟ್ ತೆರೆದಿದೆ, ಸುಟ್ಟ ವಾಸನೆ, ಕೀ ತಿರುಗಿಸಿದರೆ ಒಂದು ದೀಪವೂ ಇಲ್ಲ. "ಚಾರ್ಜ್ ಮಾಡಿದವನೇ ಏನೋ ಎಡವಟ್ಟು ಮಾಡಿದ್ದಾನೆ" ಅಂದರು ಭಾವ.

ಎಲೆಕ್ಟ್ರಿಶಿಯನ್ ಬೈಕಿನಲ್ಲಿ ಬಂದ. ಭಾವನ ಹಳೇ ವಿದ್ಯಾರ್ಥಿ. ಮೊದಲು ಬ್ಯಾಟರಿಯ ಕ್ಲಾಂಪ್ ನೋಡಿದ. ಬ್ಯಾಟರಿಯ ಪ್ಲಸ್ ಗೂಟ ಮೈನಸ್ಸಿಗಿಂತ ದಪ್ಪ ಇರುತ್ತದೆ. ವ್ಯತ್ಯಾಸ ಒಂದೂವರೆ ಮಿಲಿಮೀಟರಿಗಿಂತ ಚೂರು ಜಾಸ್ತಿ ಅಷ್ಟೇ. ಆದರೆ ಅದನ್ನು ಹಾಗೆ ಮಾಡಿದ್ದೇ ಅದಲುಬದಲು ಆಗದಿರಲಿ ಅಂತ. ಇಲ್ಲಿ ಪ್ಲಸ್ ಕ್ಲಾಂಪಿನ ಒಳಗೆ ಮಡಚಿದ ತಗಡಿನ ಚೂರು ಸಿಕ್ಕಿಕೊಂಡಿತ್ತು. ಮೈನಸ್ ಕ್ಲಾಂಪಿನ ಬಾಯಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದ ಹೊಸ ಗೀರು. ಅಂದರೆ ಪ್ಲಸ್ ಕ್ಲಾಂಪ್ ಮೈನಸ್ ಗೂಟಕ್ಕೆ, ಮೈನಸ್ ಕ್ಲಾಂಪ್ ಪ್ಲಸ್ ಗೂಟಕ್ಕೆ ಹಾಕಿದ್ದಾರೆ. ಒಂದು ಸಡಿಲ ಆಯ್ತು ಅಂತ ತಗಡು ತುರುಕಿದ್ದಾರೆ, ಇನ್ನೊಂದು ಹಿಡಿಸಲಿಲ್ಲ ಅಂತ ಅಗಲ ಮಾಡಿದ್ದಾರೆ. ಬ್ಯಾಟರಿಯನ್ನೇ ತಿರುಗಿಸಿ ಇಟ್ಟಿದ್ದಕ್ಕೆ ವೈರ್ ಮಾತ್ರ ಸರಿಯಾಗಿ ಎಟುಕಿದೆ.

ಅವನು ಆ ತಗಡನ್ನು ಎಳೆದು, ಒಂದು ಸಲ ನೋಡಿ, ಅಂಗಿಯ ಕಿಸೆಗೆ ಹಾಕಿಕೊಂಡ.

"ಕಿಡಿ ಬಂತಾ?"

"ಸ್ವಲ್ಪ."

"ಬೋಲ್ಟ್ ಟೈಟ್ ಮಾಡಿದ್ರಾ, ಬರೀ ತಾಗಿದ್ದಾ?"

"ನಾನು ಎಂತದೂ ಮಾಡಿಲ್ಲ."

ಆಗ ಬಂತು ಇಲಿಯ ಮಾತು. ನಗಲೂ ಇಲ್ಲ ಅವನು.

ಮೇನ್ ಫ್ಯೂಸ್ ಹಾರಿತ್ತು. ಬ್ಯಾಟರಿ ಸರಿಯಾಗಿ ತಿರುಗಿಸಿಟ್ಟು ಬೇರೆ ಫ್ಯೂಸ್ ಹಾಕಿದ ಮೇಲೆ ಇಂಜಿನ್ ಸ್ಟಾರ್ಟ್ ಆಯ್ತು. ಆದರೆ ಬ್ಯಾಟರಿಯ ಕೆಂಪು ದೀಪ ಆರಲಿಲ್ಲ. ಮೀಟರ್ ಹಿಡಿದರೆ 12 ವೋಲ್ಟಿನ ಆಸುಪಾಸಿನಲ್ಲೇ ನಿಂತಿದೆ. ಇಂಜಿನ್ ಓಡುವಾಗ 14ರ ಹತ್ತಿರ ಬರಬೇಕು. ಭಾವ ಕಷಾಯ ಹೇಳಲು ಒಳಗೆ ಹೋದಾಗ ಅವನು ನನಗೆ ಬಿಡಿಸಿ ಹೇಳಿದ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಒಳಗಿನ ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತವೆ, ಬ್ಯಾಟರಿಯ ಕರೆಂಟ್ ವಾಪಸ್ ಬರದಂತೆ ತಡೆಯುತ್ತವೆ. ಬ್ಯಾಟರಿ ಉಲ್ಟಾ ಆದರೆ ತಡೆಯುವ ಡಯೋಡುಗಳೇ ದಾರಿ ಬಿಟ್ಟುಕೊಡುತ್ತವೆ. ಅಲ್ಲಿಗೆ ಪೂರಾ ಶಾರ್ಟ್. ಆಲ್ಟರ್ನೇಟರಿನ ದಪ್ಪ ವೈರಿಗೂ ಬ್ಯಾಟರಿಗೂ ನಡುವೆ ಫ್ಯೂಸ್ ಬಿಟ್ಟರೆ ಬೇರೇನಿಲ್ಲ, ಹಾಗಾಗಿ ಕೀ ಆಫ್ ಇದ್ದರೂ ಅಷ್ಟೇ. ಫ್ಯೂಸ್ ಹಾರಿದ್ದಕ್ಕೆ ವೈರಿಂಗ್ ಉಳಿದಿದೆ, ಇಂಜಿನ್ನಿನ ಕಂಪ್ಯೂಟರೂ ಉಳಿದಿದೆ. ಸುಟ್ಟಿದ್ದು ಡಯೋಡ್, ಅದರ ಪ್ಲೇಟ್ ಹುಬ್ಬಳ್ಳಿಯಿಂದ ಬರಬೇಕು.

"ಇಷ್ಟೆಲ್ಲ ಗೊತ್ತಿದ್ದೂ ಇಲಿ ಅಂದ್ಯಲ್ಲೋ" ಅಂದೆ.

"ಮಾಸ್ತರ್ರು ಕ್ಲಾಸಲ್ಲಿ 'ಯಾರು ಮಾಡಿದ್ದು, ಎದ್ದು ನಿಲ್ಲಿ' ಅಂತಿದ್ರು. ನಾನೇ ಜಾಸ್ತಿ ನಿಂತಿದ್ದು" ಅಂದ, ಸ್ಪ್ಯಾನರ್ ತಿರುಗಿಸುತ್ತ.

ಭಾವ ಸುಳ್ಳು ಹೇಳುವ ಜನ ಅಲ್ಲ. ಅಂಗಡಿಯವನು ಚಿಲ್ಲರೆ ಜಾಸ್ತಿ ಕೊಟ್ಟರೆ ಮಳೆಯಲ್ಲೇ ವಾಪಸ್ ಹೋಗಿ ಕೊಟ್ಟು ಬರುವವರು. ಆದರೆ 'ನಂದೇ ತಪ್ಪಾಯ್ತು' ಅನ್ನಲು ಅವರಿಗೆ ನಾಲಿಗೆ ಹೊರಳುವುದಿಲ್ಲ. ವರ್ಷಗಟ್ಟಲೆ ಬೋರ್ಡಿನ ಮುಂದೆ ನಿಂತು ಬೇರೆಯವರ ತಪ್ಪನ್ನೇ ತಿದ್ದಿದವರಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಅಕ್ಕ ಇದನ್ನು ಕಂಡೂ ಕಾಣದ ಹಾಗೆ ಸಂಸಾರ ನಡೆಸಿದ್ದಾಳೆ. ನನಗೆ ಅಷ್ಟು ತಾಳ್ಮೆ ಇಲ್ಲ. ನಾನಾಗಿದ್ದರೆ ಆ ತಗಡನ್ನು ಭಾವನ ಮೂಗಿನ ಮುಂದೆ ಹಿಡಿಯುತ್ತಿದ್ದೆ. ಮರ್ಯಾದೆ ಉಳಿಸಿದ್ದು ಸರಿ ಮಾರಾಯಾ, ಮುಂದಿನ ಮಳೆಗಾಲಕ್ಕೆ ಮತ್ತೆ ಬ್ಯಾಟರಿ ಬಿಚ್ಚುತ್ತಾರಲ್ಲ, ಆಗ?

ಅದಕ್ಕೂ ಅವನಲ್ಲಿ ಉಪಾಯ ಇತ್ತು. ಪ್ಲೇಟ್ ಬಂದು ರಿಪೇರಿ ಮುಗಿದ ದಿನ ಪ್ಲಸ್ ಕ್ಲಾಂಪಿಗೆ ದಪ್ಪಗೆ ಕೆಂಪು ಟೇಪ್ ಸುತ್ತಿದ. ಬ್ಯಾಟರಿ ಕೂರುವ ಟ್ರೇ ಮೇಲೂ ಅದೇ ಬದಿಗೆ ಕೆಂಪು ಬಣ್ಣ ಬಳಿದ.

"ಇದ್ಯಾಕೆ?" ಅಂದರು ಭಾವ.

"ಇಲಿಗೆ ಕಾಣ್ಲಿ ಅಂತ ಮಾಸ್ತರ್ರೆ."

ಭಾವ ತಲೆ ಆಡಿಸಿದರು. ಬಿಲ್ಲಿನ ಬಗ್ಗೆ ಒಂದು ಮಾತೂ ಆಡದೆ ಕೊಟ್ಟರು, ಅದೇ ದೊಡ್ಡ ಆಶ್ಚರ್ಯ. ಸಂಜೆ ಪೇಟೆಗೆ ಹೋದವರು ಇಲಿ ಬೋನು ಹಿಡಿದುಕೊಂಡು ಬಂದರು. ಅಕ್ಕ ಬೋನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಹೌದು ಅಕ್ಕಾ, ದೊಡ್ಡದೇ ಇತ್ತು" ಅಂದೆ.