‘ಆಬರ್‌ಫ್ಯಾನ್’ ಕಂತಿನ ಬಗ್ಗೆ
ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರ ಬದುಕನ್ನಾಧರಿಸಿದ ‘ದಿ ಕ್ರೌನ್’ ಟಿವಿ ಸರಣಿಯ ಮೂರನೇ ಸೀಸನ್ನಿನ ‘ಆಬರ್‌ಫ್ಯಾನ್’ ಕಂತನ್ನು ನಿನ್ನೆ ಮತ್ತೊಮ್ಮೆ ನೋಡಿದೆ. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಆ ಹೆಸರಿನ ಗಣಿ ಹಳ್ಳಿಯಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೂ ಮನೆಗಳ ಮೇಲೂ ಬಿದ್ದು 116 ಮಕ್ಕಳು ಮತ್ತು 28 ಹಿರಿಯರು ಸತ್ತ ದುರಂತವನ್ನು ಕಂತಿನ ಮೊದಲ ಭಾಗವು ಅಪಾರ ಸಂಯಮದಿಂದ ಕಟ್ಟಿಕೊಡುತ್ತದೆ. ಇಡೀ ಸರಣಿಯಲ್ಲಿ ನಾನು ಅತ್ಯಂತ ಗೌರವಿಸುವ ಭಾಗವದು.

ಆನಂತರ ಕಥೆ ಅರಮನೆಯತ್ತ ಹೊರಳುತ್ತದೆ. ರಾಣಿ ಎಂಟು ದಿನಗಳ ನಂತರ ಅಲ್ಲಿಗೆ ಹೋದದ್ದೇಕೆ, ಅವರಿಗೆ ಕಣ್ಣೀರು ಬಂದಿತೇ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ರಾಣಿಯಾಗಿ ಒಲಿವಿಯಾ ಕೋಲ್ಮನ್ ಅವರ ಅಭಿನಯ ನಿಜಕ್ಕೂ ಶ್ರೇಷ್ಠ. ಆದರೂ ನನ್ನ ಆಕ್ಷೇಪ ಉಳಿಯುತ್ತದೆ: ವಿಚಾರಣಾ ಮಂಡಳಿಯು ಹೊಣೆಯನ್ನು ಆ ಗಣಿಯನ್ನು ನಡೆಸುತ್ತಿದ್ದ ಸರ್ಕಾರಿ ಸಂಸ್ಥೆಯಾದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಮೇಲೆ ಸ್ಪಷ್ಟವಾಗಿ ಹೊರಿಸಿತು, ಹಾಗಿದ್ದೂ ಉಳಿದ ಗುಡ್ಡಗಳನ್ನು ತೆಗೆಸುವ ವೆಚ್ಚಕ್ಕೆಂದು, ಸಂತ್ರಸ್ತರಿಗಾಗಿ ಜನರು ಕೊಟ್ಟ ನಿಧಿಯಿಂದಲೇ 1,50,000 ಪೌಂಡ್ ಪಡೆಯಲಾಯಿತು, ಮತ್ತು ಆ ಮೊತ್ತ ಹಿಂದಿರುಗಿದ್ದು 1997ರಲ್ಲಿ. ರಾಜಕೀಯ ನಾಟಕವೊಂದು ಒಂದು ಕಂತಿನಲ್ಲಿ ಎಲ್ಲವನ್ನೂ ಹೇಳಲಾರದು, ಒಪ್ಪುತ್ತೇನೆ; ಆದರೆ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರ ಕೋಪಕ್ಕೆ ರಾಣಿಯ ಮನಃಸಾಕ್ಷಿಗೆ ಸಿಕ್ಕಷ್ಟೇ ಸಮಯ ಇಲ್ಲಿ ಸಿಗಬೇಕಿತ್ತು.